ಕರಾಟೆ ಕಲಿಯುವವರಿಗೆ: ‘ಶು’ ಹಂತದಲ್ಲಿ ಅವಸರ ಬೇಡ

ಜಪಾನಿನ ಸಮರಕಲೆಗಳಲ್ಲಿ ಕಲಿಕೆಗೆ ಶು, ಹಾ, ರಿ ಅಂತ ಮೂರು ಹಂತ. ಶು ಅಂದರೆ ಗುರುಗಳು ತೋರಿಸಿದ್ದನ್ನು ಹಾಗೇ ಮಾಡುವುದು. ಜಾಸ್ತಿ ಸಮಯ ಇಲ್ಲೇ ಕೊಡಿ. ಶೋಟೊಕಾನ್ ಎಂಬ ಕರಾಟೆ ಶೈಲಿಯ ಹೇಯಾನ್ ಶೋದಾನ್ ಕಟಾದ (ಕಟಾ ಅಂದರೆ ಕ್ರಮವಾಗಿ ಜೋಡಿಸಿದ ಚಲನೆಗಳ ಸರಣಿ) ಮೊದಲ ತಡೆಯನ್ನೇ ನೋಡಿ. ಎಡಕ್ಕೆ ತಿರುಗಬೇಕು, ಮುಂದಿನ ಮಂಡಿ ಬಾಗಬೇಕು, ಹಿಂದಿನ ಹಿಮ್ಮಡಿ ನೆಲ ಬಿಡಬಾರದು, ಬಲಮುಷ್ಟಿ ಸೊಂಟಕ್ಕೆ ಬರಬೇಕು. ಎಲ್ಲ ಒಟ್ಟಿಗೇ! ಇದು ಮೈಗೆ ಹತ್ತುವ ತನಕ ಯೂಟ್ಯೂಬ್ ನೋಡಿ ಬೇರೆ ಶೈಲಿ ಬೆರೆಸಬೇಡಿ, ದಯವಿಟ್ಟು.

ಆಮೇಲೆ ‘ಹಾ’ ಹಂತ, ಅಂದರೆ ಕಲಿತದ್ದನ್ನು ಪ್ರಶ್ನಿಸಿ ನೋಡುವುದು. ಈ ತಡೆ ಯಾವ ಏಟಿಗೆ, ಎತ್ತರದವರು ಎದುರಿದ್ದರೆ ಏನು ಬದಲಾಗಬೇಕು ಅಂತ ಜೊತೆಗಾರರೊಂದಿಗೆ ಮಾಡಿ ನೋಡಿ. ರಿ ಹಂತದಲ್ಲಿ ನಿಯಮ ನೆನಪಿಸಿಕೊಳ್ಳದೆಯೇ ಮೈ ಆಡುತ್ತದೆ. ಅದಕ್ಕೆ ವರ್ಷಗಳೇ ಬೇಕು. ಬ್ಲ್ಯಾಕ್ ಬೆಲ್ಟ್ ಬಂದ ಮೇಲೂ ಹೇಯಾನ್ ಶೋದಾನ್ ಅಭ್ಯಾಸ ಮಾತ್ರ ಬಿಡಬೇಡಿ.