ಸಕ್ಕರೆ ಇಲ್ಲದ ಚಾಕೊಲೇಟ್ ಬ್ರೌನಿ: ಕೆಡೋದು ಓವನ್‌ನಲ್ಲಲ್ಲ, ಖರ್ಜೂರದ ಪೇಸ್ಟ್‌ನಲ್ಲಿ

ಸಕ್ಕರೆ, ಮೈದಾ ಎರಡೂ ಬಿಟ್ಟು ಬರೀ ಖರ್ಜೂರದ ಸಿಹೀಲಿ ಬ್ರೌನಿ ಮಾಡೋಕೆ ಹೋಗಿ ಕೈಬಿಟ್ಟೋರನ್ನ ತುಂಬಾ ಜನ ನೋಡಿದೀನಿ. ಎಲ್ಲರ ದೂರೂ ಹೆಚ್ಚುಕಮ್ಮಿ ಒಂದೇ: ಮಧ್ಯ ಹಸಿ ಹಸಿ, ಅಂಚು ಕಹಿ, ಕಚ್ಚಿದ್ರೆ ಹಲ್ಲಿಗೆ ಖರ್ಜೂರದ ಸಿಪ್ಪೆ. ಆಮೇಲೆ 'ಆರೋಗ್ಯದ ತಿಂಡಿ ಅಂದ್ರೆ ರುಚಿ ಇರಲ್ಲ ಬಿಡಿ' ಅಂದ್ಕೊಂಡು ವಾಪಸ್ ಸಕ್ಕರೆ ಡಬ್ಬಕ್ಕೇ ಕೈ ಹಾಕ್ತಾರೆ. ಇದು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತೆ, ಯಾಕಂದ್ರೆ ಅವರ ಓವನ್ ಸರಿ ಇರುತ್ತೆ, ಅಳತೆನೂ ಸರಿ ಇರುತ್ತೆ, ಎಡವೋದು ಒಂದೇ ಕಡೆ, ಖರ್ಜೂರ ನೆನೆಸಿ ರುಬ್ಬೋ ಕಡೆ. ಅದಕ್ಕೇ ಈ ಲೇಖನದ ಅರ್ಧ ಭಾಗ ಅದಕ್ಕೇ ಹೋಗುತ್ತೆ.

ಬೇಕಾಗಿರೋದು ಇಷ್ಟೇ. ಬೀಜ ತೆಗೆದ ಮೇಲೆ ತೂಗಿದ 200 ಗ್ರಾಂ ಖರ್ಜೂರ, 100 ಎಂಎಲ್ ಕುದಿಯೋ ನೀರು, ಕಾಲು ಟೀ ಚಮಚ ಬೇಕಿಂಗ್ ಸೋಡಾ, 40 ಗ್ರಾಂ ಕೋಕೋ ಪುಡಿ, 150 ಗ್ರಾಂ ಬಾದಾಮಿ ಬೆಣ್ಣೆ ಅಥವಾ ಪೀನಟ್ ಬಟರ್, 2 ಮೊಟ್ಟೆ, ಎರಡು ಚಿಟಿಕೆ ಉಪ್ಪು. 18 ಸೆಂಟಿಮೀಟರ್ ಚೌಕದ ಟಿನ್‌ಗೆ ಇದು ಸರಿಯಾಗುತ್ತೆ, 16 ತುಂಡು ಬರುತ್ತೆ. ದಯವಿಟ್ಟು ತಕ್ಕಡೀಲಿ ತೂಗಿ, ಕಪ್ ಲೆಕ್ಕ ಬೇಡ, ಒಂದು ಕಪ್ ಖರ್ಜೂರ ಅಂದ್ರೆ ಒತ್ತಿ ತುಂಬಿದ್ದೋ ಸಡಿಲ ಬಿಟ್ಟಿದ್ದೋ ಯಾರಿಗೆ ಗೊತ್ತು.

ಸಾಮಾನು ತರುವಾಗ ಪ್ಯಾಕೆಟ್‌ನ ಮುಂದಿನ ದೊಡ್ಡಕ್ಷರ ಬಿಟ್ಟು ಹಿಂದಿನ ಸಣ್ಣಕ್ಷರ ಓದಿ. ಕೋಕೋ ಪುಡಿ ಅಂದ್ಕೊಂಡು ಡ್ರಿಂಕಿಂಗ್ ಚಾಕೊಲೇಟ್ ತರೋರು ಜಾಸ್ತಿ, ಅದರಲ್ಲಿ ಹೆಚ್ಚಿರೋದು ಸಕ್ಕರೆನೇ. ಪಟ್ಟಿಯಲ್ಲಿ ಕೋಕೋ ಅಂತ ಒಂದೇ ಹೆಸರು ಇರ್ಬೇಕು. ಆಲ್ಕಲೈಸ್ಡ್ ಅಥವಾ ಡಚ್ ಪ್ರೋಸೆಸ್ಡ್ ಅಂತ ಬರೆದಿದ್ರೆ ಇವತ್ತಿಗೆ ಅದು ಬೇಡ, ನ್ಯಾಚುರಲ್ ಕೋಕೋದಲ್ಲಿ ಹುಳಿ ಅಂಶ ಇರುತ್ತೆ, ಅದು ಸೋಡಾ ಜೊತೆ ಸೇರಿ ಬ್ರೌನಿ ಸ್ವಲ್ಪ ಹಗುರ ಆಗುತ್ತೆ, ಡಚ್ ಕೋಕೋದಲ್ಲಿ ಆ ಹುಳೀನ ಮೊದಲೇ ತೆಗೆದಿರ್ತಾರೆ, ಸೋಡಾ ಹಂಗೇ ಉಳ್ಕೊಂಡು ಸೋಪಿನ ರುಚಿ ಬರಬಹುದು. ನಟ್ ಬಟರ್‌ನಲ್ಲೂ ಅಷ್ಟೇ, ಬೀಜ ಬಿಟ್ಟು ಬೇರೇನೂ ಇರಬಾರದು, ಹೆಚ್ಚು ಅಂದ್ರೆ ಉಪ್ಪು. ಸಕ್ಕರೆ, ಪಾಮ್ ಎಣ್ಣೆ ಸೇರಿಸಿರೋ ಡಬ್ಬ ತಂದು ಸಕ್ಕರೆ ಇಲ್ಲದ ಬ್ರೌನಿ ಮಾಡೋದ್ರಲ್ಲಿ ಅರ್ಥ ಇಲ್ಲ. ಇನ್ನು ಶುಗರ್ ಫ್ರೀ ಚಾಕೊಲೇಟ್ ಚಿಪ್ಸ್ ಅಂತ ಸಿಗುತ್ತಲ್ಲ, ಅದರಲ್ಲಿ ಮಾಲ್ಟಿಟಾಲ್ (ಸಕ್ಕರೆ ಬದಲು ಹಾಕೋ ಒಂದು ಸಿಹಿಕಾರಕ) ಇದೆಯಾ ನೋಡಿ. ಜಾಸ್ತಿ ತಿಂದ್ರೆ ಹೊಟ್ಟೆ ಉಬ್ಬರ, ಭೇದಿ ಎರಡೂ ಆಗಬಹುದು, ಮಕ್ಕಳಿರೋ ಮನೆಗೆ ನಾನಂತೂ ಬೇಡ ಅಂತೀನಿ.

ಈಗ ಮುಖ್ಯ ಹಂತ, ಪೇಸ್ಟ್.

ಖರ್ಜೂರನ ಒಂದೊಂದಾಗಿ ಬಿಡಿಸಿ ಬೀಜ ತೆಗೀರಿ. ಬೀಜ ಇಲ್ಲದ ಪ್ಯಾಕೆಟ್ ತಂದಿದ್ರೂ ಒತ್ತಿ ನೋಡಿ, ಅಲ್ಲೊಂದು ಇಲ್ಲೊಂದು ಬೀಜ ಉಳಿದಿರುತ್ತೆ, ಮಿಕ್ಸಿ ಬ್ಲೇಡ್ ಹಾಳಾಗೋದು ಹಿಂಗೇ. ಸಣ್ಣಗೆ ಕತ್ತರಿಸಿ ಬರೋ ಖರ್ಜೂರದ ಚೂರು ತರಬೇಡಿ, ಒಂದಕ್ಕೊಂದು ಅಂಟದಿರಲಿ ಅಂತ ಅದಕ್ಕೆ ಹಿಟ್ಟೋ ಡೆಕ್ಸ್‌ಟ್ರೋಸ್ ಅನ್ನೋ ಸಕ್ಕರೆನೋ ಸವರಿರ್ತಾರೆ. ಬಿಡಿಸಿದ್ದನ್ನ ಬಟ್ಟಲಿಗೆ ಹಾಕಿ, ಮೇಲೆ ಸೋಡಾ ಉದುರಿಸಿ, ಕುದಿಯೋ ನೀರು ಹಾಕಿ, ಒಂದ್ಸಲ ಕೈಯಾಡಿಸಿ ಮುಚ್ಚಿಡಿ. ಸೋಡಾ ಇಲ್ಲಿ ಬರೀ ಉಬ್ಬೋಕಲ್ಲ, ಸಿಪ್ಪೆನ ಗಟ್ಟಿಯಾಗಿ ಹಿಡಿದಿಟ್ಟಿರೋ ಪೆಕ್ಟಿನ್‌ನ ಅದು ಸಡಿಲ ಮಾಡುತ್ತೆ, ಹಲ್ಲಿಗೆ ಸಿಗೋ ಸಿಪ್ಪೆ ಸಮಸ್ಯೆ ಅರ್ಧ ಅಲ್ಲೇ ಮುಗೀತು. ಮೆಡ್ಜೂಲ್ ತರ ಮೆತ್ತನೆ ಜಾತಿ ಆದ್ರೆ 20 ನಿಮಿಷ ಸಾಕು, ಒಣಗಿದ ಜಾತಿ ಆದ್ರೆ 40 ನಿಮಿಷ ಬಿಡಿ, ನಡುವೆ ಒಂದ್ಸಲ ಮೇಲೆ ಕೆಳಗೆ ಮಾಡಿ. ಎರಡು ಬೆರಳಲ್ಲಿ ಹಿಚುಕಿದ್ರೆ ತಾನಾಗೇ ಒಡೀಬೇಕು, ಒಳಗೆ ಗಂಟು ಸಿಕ್ಕಿದ್ರೆ ಇನ್ನೂ ಆಗಿಲ್ಲ ಅಂತ.

ಎಲ್ಲರೂ ತಪ್ಪೋದು ಇದಾದ ಮೇಲೆ. ಖರ್ಜೂರ ಮುಳುಗೋವಷ್ಟು ನೀರು ಹಾಕಿ, ರುಬ್ಬುವಾಗ ಬ್ಲೇಡ್ ಸುಮ್ನೆ ತಿರುಗ್ತಿದೆ ಅಂತ ಇನ್ನೊಂದು ಚೂರು, ಮತ್ತೊಂದು ಚೂರು ನೀರು ಸೇರಿಸ್ತಾರೆ. ಮೈದಾ ಇದ್ದಿದ್ರೆ ಅದರ ಸ್ಟಾರ್ಚ್ ಆ ನೀರನ್ನ ಹೀರ್ಕೊಂಡು ಕಾಪಾಡ್ತಿತ್ತು, ಇಲ್ಲಿ ಮೈದಾ ಇಲ್ಲ, ಹೆಚ್ಚಾದ ನೀರಿಗೆ ಹೋಗೋಕೆ ಜಾಗ ಇಲ್ಲ, ಎಷ್ಟು ಹೊತ್ತು ಬೇಯಿಸಿದ್ರೂ ಅದು ಮಧ್ಯದಲ್ಲೇ ಕೂತಿರುತ್ತೆ. ನಾನೂ ಮೊದಮೊದಲು ಮೂರು ಸಲ ಹಿಂಗೇ ಮಾಡಿ, ಮೂರು ಸಲನೂ ಓವನ್ ಟೈಮ್ ಹೆಚ್ಚಿಸಿ ಅಂಚು ಸುಟ್ಕೊಂಡಿದೀನಿ. ಹಾಗಾಗಿ 100 ಎಂಎಲ್ ಅಂದ್ರೆ 100 ಎಂಎಲ್. ಉಳಿದ ನೀರು ಚೆಲ್ಲಬೇಡಿ, ಸಿಹಿ ಅದರಲ್ಲೂ ಇಳಿದಿರುತ್ತೆ, ಹೊಸ ನೀರು ಒಂದು ಹನಿನೂ ಸೇರಿಸ್ಬೇಡಿ.

ಬೆಚ್ಚಗಿರುವಾಗಲೇ ಚಿಕ್ಕ ಜಾರ್‌ಗೆ ಹಾಕಿ, ದೊಡ್ಡ ಜಾರ್‌ನಲ್ಲಿ ಇಷ್ಟು ಕಮ್ಮಿ ರುಬ್ಬೋಕಾಗಲ್ಲ, ಗೋಡೆಗೆ ಹಾರಿ ಅಂಟ್ಕೊಳುತ್ತೆ. ಒಂದೇ ಸಮನೆ ಓಡಿಸ್ಬೇಡಿ, ಎರಡು ಸೆಕೆಂಡ್ ಆನ್, ಆಫ್, ತೆಗೆದು ಬದಿ ಕೆರೆದು ಮತ್ತೆ, ಹೀಗೆ ಐದಾರು ಸಲ. ಹಠ ಮಾಡಿದ್ರೆ ನೀರಿನ ಬದಲು ಅಳತೆಯ ನಟ್ ಬಟರ್‌ನಲ್ಲೇ ಎರಡು ಚಮಚ ಜಾರ್‌ಗೆ ಹಾಕಿ, ಅದರ ಎಣ್ಣೆಗೆ ಬ್ಲೇಡ್ ತಟ್ಟಂತ ಹಿಡ್ಕೊಳುತ್ತೆ. ಬೆರಳ ಮಧ್ಯೆ ಉಜ್ಜಿದಾಗ ತರಿ ಸಿಗಬಾರದು, ಚಮಚದಲ್ಲಿ ಗೆರೆ ಎಳೆದ್ರೆ ಆ ಗೆರೆ ಮುಚ್ಕೊಳ್ಳದೆ ನಿಲ್ಲಬೇಕು. ತೂಗಿ ನೋಡಿದ್ರೆ ನಟ್ ಬಟರ್ ಬಿಟ್ಟು 290ರಿಂದ 300 ಗ್ರಾಂ ಇರುತ್ತೆ, 320 ದಾಟಿದೆ ಅಂದ್ರೆ ಎಲ್ಲೋ ನೀರು ಜಾಸ್ತಿ ಬಿದ್ದಿದೆ. ಗಾಬರಿ ಬೇಡ, ಬಾಣಲೇಲಿ ಹಾಕಿ ಸಣ್ಣ ಉರೀಲಿ ಐದಾರು ನಿಮಿಷ ಕೈಬಿಡದೆ ತಿರುವಿ, ತೂಕ ಇಳಿಯೋವರೆಗೆ. ಸಿಪ್ಪೆ ಇನ್ನೂ ಕಾಣ್ತಿದ್ರೆ ಜರಡೀಲಿ ಒತ್ತಿ ತೆಗೀರಿ, ಕೈ ನೋಯುತ್ತೆ ನಿಜ, ಆದ್ರೆ ಒಮ್ಮೆ ಹಿಂಗೆ ಮಾಡಿದ ಬ್ರೌನಿ ತಿಂದ್ರೆ ಮತ್ತೆ ಬಿಡಲ್ಲ.

ಶಾರ್ಟ್‌ಕಟ್ ಕೇಳೋರಿಗೆ: ಬಾಟಲಿ ಖರ್ಜೂರದ ಸಿರಪ್ ಇದಕ್ಕೆ ಬದಲಿ ಅಲ್ಲ. ಅದರಲ್ಲಿ ತಿರುಳು, ನಾರು ಸೋಸಿ ಹೋಗಿರುತ್ತೆ, ಹಿಟ್ಟಿಗೆ ಮೈ ಕೊಡೋದೇ ಆ ತಿರುಳು. ಜೇನೂ ಅಷ್ಟೇ, ಅಷ್ಟೇ ತೂಕಕ್ಕೆ ಹಾಕಿದ್ರೆ ಹಿಟ್ಟು ಹರಿಯುತ್ತೆ. 1 ವರ್ಷದೊಳಗಿನ ಮಗುವಿಗೆ ಜೇನು ಬೇಯಿಸಿದ್ದಾದ್ರೂ ಕೊಡಬೇಡಿ. ಬಾಳೆಹಣ್ಣು ಹಾಕಿದ್ರೆ ಬ್ರೌನಿ ಬಾಳೆಹಣ್ಣಿನ ಕೇಕ್ ಆಗುತ್ತೆ, ಚಾಕೊಲೇಟ್ ರುಚಿ ಹಿಂದಕ್ಕೆ ಹೋಗುತ್ತೆ, ನಾನು ಹಾಕಲ್ಲ.

ಮುಂದಿನದು ಸುಲಭ. ಓವನ್ 160 ಡಿಗ್ರಿಗೆ ಬಿಸಿಗಿಡಿ, ಟಿನ್‌ಗೆ ಬಟರ್ ಪೇಪರ್ ಹಾಸಿ.

ಪೇಸ್ಟ್ ಬಿಸಿ ಇರುವಾಗಲೇ ಕೋಕೋ, ಉಪ್ಪು ಕಲಸಿ, ಬಿಸಿಗೆ ಕೋಕೋದ ಘಮ ಬಿಡುತ್ತೆ, ತಣ್ಣಗಾದ್ಮೇಲೆ ಹಾಕಿದ್ರೆ ಅಷ್ಟು ಬರಲ್ಲ. ನಟ್ ಬಟರ್ ಸೇರಿಸಿ. ಬೆರಳಿಟ್ರೆ ಉಗುರುಬೆಚ್ಚಗೆ ಅನ್ನಿಸಿದ ಮೇಲೆ ಮೊಟ್ಟೆ, ಮುಂಚೆ ಹಾಕಿದ್ರೆ ಅಲ್ಲೇ ಬೆಂದು ಎಳೆ ಎಳೆ ಆಗುತ್ತೆ. ಮೊಟ್ಟೆ ತಿನ್ನದೋರು ಒಂದು ಮೊಟ್ಟೆಗೆ 1 ದೊಡ್ಡ ಚಮಚ ಅಗಸೆ ಬೀಜದ ಪುಡಿನ 3 ದೊಡ್ಡ ಚಮಚ ನೀರಲ್ಲಿ 10 ನಿಮಿಷ ನೆನೆಸಿ ಹಾಕಬಹುದು, ಆದ್ರೆ ಒಳಗೆ ಇನ್ನೂ ಮೆತ್ತಗೆ ಬರುತ್ತೆ. ನಟ್ಸ್ ಅಲರ್ಜಿ ಇದ್ರೆ ಸೂರ್ಯಕಾಂತಿ ಬೀಜದ ಬೆಣ್ಣೆ ಆಗುತ್ತೆ, ಮಾರನೇ ದಿನ ಒಳಗೆ ಹಸಿರು ಬಣ್ಣ ಕಂಡ್ರೆ ಬಿಸಾಕಬೇಡಿ, ಆ ಬೀಜದ ಕ್ಲೋರೋಜೆನಿಕ್ ಆಸಿಡ್ ಸೋಡಾ ಜೊತೆ ಸೇರಿದ್ರೆ ಹಂಗಾಗುತ್ತೆ, ತಿನ್ನೋಕೆ ಏನೂ ತೊಂದ್ರೆ ಇಲ್ಲ.

ಬೇಯಿಸೋದ್ರಲ್ಲಿ ಒಂದು ಮಾತು. ಮಾಮೂಲಿ ಬ್ರೌನಿಗೆ 180 ಇಡ್ತೀವಿ ಅಂತ ಇದಕ್ಕೂ 180 ಇಡಬೇಡಿ. ಖರ್ಜೂರದಲ್ಲಿ ಫ್ರಕ್ಟೋಸ್ ಅನ್ನೋ ಹಣ್ಣಿನ ಸಕ್ಕರೆ ಜಾಸ್ತಿ, ಅದು 110 ಡಿಗ್ರಿ ಆಸುಪಾಸಲ್ಲೇ ಕಂದೋಕೆ ಶುರುವಾಗುತ್ತೆ, ಮಾಮೂಲಿ ಸಕ್ಕರೆಗೆ 160ರ ಹತ್ತಿರ ಬೇಕು. ಅಂಚಿನ ಕಹಿಗೆ ಕಾರಣ ಇದು, ಕೋಕೋ ಅಲ್ಲ. 160ರಲ್ಲಿ 22ರಿಂದ 25 ನಿಮಿಷ. ಕಡ್ಡಿ ಚುಚ್ಚಿದ್ರೆ ಒದ್ದೆ ಹಿಟ್ಟು ಬರಬಾರದು, ಮೆತ್ತನೆ ಪುಡಿ ಅಂಟ್ಕೊಂಡು ಬರಬೇಕು, ಪೂರ್ತಿ ಒಣಗಿ ಬಂತು ಅಂದ್ರೆ ತಡ ಆಯ್ತು. ಥರ್ಮಾಮೀಟರ್ ಇದ್ರೆ ನಡುವೆ 71 ಡಿಗ್ರಿ ದಾಟಿರೋದು ಖಾತ್ರಿ ಮಾಡ್ಕೊಳಿ, ಮೊಟ್ಟೆ ಇದೆಯಲ್ಲ.

ಹೊರಗೆ ತೆಗೆದ ತಕ್ಷಣ ಕತ್ತರಿಸಬೇಡಿ. ಬಿಸೀಲಿ ಇದು ಹಸಿ ತರಾನೇ ಕಾಣುತ್ತೆ, ಅದಕ್ಕೇ ಎಷ್ಟೋ ಜನ ವಾಪಸ್ ಓವನ್‌ಗೆ ತಳ್ಳಿ ಕೆಡಿಸ್ತಾರೆ. ಆರ್ತಾ ಆರ್ತಾ ಕೊಬ್ಬು ಬಿಗಿಯಾಗಿ ತಾನೇ ಗಟ್ಟಿ ಆಗುತ್ತೆ. ಟಿನ್‌ನಲ್ಲೇ ಒಂದೂವರೆ ಗಂಟೆ, ಆಮೇಲೆ ಫ್ರಿಜ್‌ನಲ್ಲಿ ಎರಡು ಗಂಟೆ. ಚಾಕುನ ಬಿಸಿನೀರಲ್ಲಿ ಅದ್ದಿ ಒರೆಸಿ ಕತ್ತರಿಸಿ, ಪ್ರತಿ ಸಲ ಒರೆಸಿ.

ಒಂದು ವಿಷ್ಯ ನೇರವಾಗಿ ಹೇಳಿಬಿಡ್ತೀನಿ. 100 ಗ್ರಾಂ ಮೆಡ್ಜೂಲ್ ಖರ್ಜೂರದಲ್ಲಿ ಸುಮಾರು 66 ಗ್ರಾಂ ಸಕ್ಕರೆ ಅಂಶನೇ ಇರೋದು, ಜೊತೆಗೆ 7 ಗ್ರಾಂನಷ್ಟು ನಾರು. ಅಂದ್ರೆ ಈ ಬ್ರೌನಿಯ ಒಂದು ತುಂಡಲ್ಲಿ ಖರ್ಜೂರದಿಂದಲೇ 8 ಗ್ರಾಂ ಆಸುಪಾಸು ಸಕ್ಕರೆ ಬರುತ್ತೆ. ನಾರು ಇದೆ, ನಟ್ ಬಟರ್‌ನ ಕೊಬ್ಬು, ಪ್ರೋಟೀನ್ ಇದೆ, ಒಂದು ತಿಂದ್ರೆ ಹೊಟ್ಟೆ ತುಂಬುತ್ತೆ, ಅದು ಇದರ ಲಾಭ. ಹಂಗಂತ ಡಯಾಬಿಟಿಸ್ ಇರೋರಿಗೆ 'ಸಕ್ಕರೆ ಇಲ್ಲ, ಎಷ್ಟು ಬೇಕಾದ್ರೂ ತಿನ್ನಿ' ಅಂತ ಕೊಡಬೇಡಿ.

ನೀರಿನಂಶ ಇರೋದ್ರಿಂದ ಹೊರಗಿಟ್ರೆ ಬೇಗ ಬೂಷ್ಟು ಹಿಡಿಯುತ್ತೆ, ಮುಚ್ಚಳ ಇರೋ ಡಬ್ಬೀಲಿ ಫ್ರಿಜ್‌ನಲ್ಲಿಟ್ರೆ 4–5 ದಿನ ಚೆನ್ನಾಗಿರುತ್ತೆ, ಫ್ರೀಜರ್‌ನಲ್ಲಿ ಎರಡು ತಿಂಗಳು. ತಿನ್ನೋ 15 ನಿಮಿಷ ಮುಂಚೆ ಹೊರಗೆ ತೆಗೆದಿಡಿ, ತೀರಾ ತಣ್ಣಗಿದ್ರೆ ನಾಲಿಗೆಗೆ ಸಿಹಿ ಕಮ್ಮಿ ಅನ್ಸುತ್ತೆ, ಇಲ್ಲಿ ಇರೋದೇ ಅಳತೆ ಸಿಹಿ.