ಇರುವೆ ನಿಜವಾಗಿ ಮರವನ್ನು ಕಾಯುತ್ತದಾ? ಕಾಡಿನಲ್ಲಿ ಪರೀಕ್ಷಿಸುವುದು ಹೀಗೆ

ಕೊಡಗಿನ ಮಾಕುಟ್ಟದ ಕಡೆಯ ಕಾಡಿಗೆ ಹೋದರೆ ಹಂಬೋಲ್ಟಿಯಾ ಬ್ರೂನೋನಿಸ್ ಅನ್ನುವ ಸಣ್ಣ ಮರ ಸಿಗುತ್ತದೆ. ಒಂದು ಕೊಂಬೆಯನ್ನು ಕಣ್ಣಿನ ಹತ್ತಿರ ತಂದು ನೋಡಿ. ಎರಡು ಗೆಣ್ಣುಗಳ ನಡುವೆ ಉಬ್ಬಿರುತ್ತದೆ, ಒಳಗೆ ಟೊಳ್ಳು, ಪಕ್ಕದಲ್ಲಿ ತಾನಾಗೇ ಬಿರಿದ ಸಣ್ಣ ಸೀಳು. ಅದೇ ಇರುವೆಗಳ ಬಾಗಿಲು. ಎಲ್ಲ ಮರದಲ್ಲೂ ಈ ಮನೆ ಇರುವುದಿಲ್ಲ, ಹಾಗಾಗಿ ಇರುವ ಮರ, ಇಲ್ಲದ ಮರ ಎರಡನ್ನೂ ಹೋಲಿಸಬಹುದು.

ಮೊದಲು ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ. ಮಳೆಗಾಲವಾದರೆ ಇಂಬಳಕ್ಕೆ ಉದ್ದ ಕಾಲುಚೀಲವೂ ಬೇಕು.

ಎಳೆ ಚಿಗುರು ಬರುವ ಹೊತ್ತಿಗೆ ಕೆಲಸ ಶುರು ಮಾಡಿ, ಯಾಕೆಂದರೆ ಹುಳು ಜಾಸ್ತಿ ತಿನ್ನುವುದು ಅದನ್ನೇ, ಮರ ಇರುವೆಗೆ ಸಿಹಿರಸ ಕೊಡುವುದೂ ಅಲ್ಲೇ. ಒಂದೇ ಮರದಲ್ಲಿ ಒಂದೇ ವಯಸ್ಸಿನ ಎರಡು ಚಿಗುರು ಆರಿಸಿ. ಒಂದರ ಬುಡಕ್ಕೆ ಟೇಪ್ ಸುತ್ತಿ ಸುತ್ತಲೂ ಅಂಟು ಹಚ್ಚಿ, ಮೇಲಿರುವ ಇರುವೆಗಳನ್ನು ತೆಗೆಯಿರಿ. ಇನ್ನೊಂದಕ್ಕೂ ಟೇಪ್ ಸುತ್ತಿ, ಆದರೆ ಅಂಟು ಅರ್ಧ ಸುತ್ತಿಗೆ ಮಾತ್ರ. ಇರುವೆ ಓಡಾಡಲಿ. ಅಂಟಿನಿಂದಲೇ ಏನಾದರೂ ಆಯಿತಾ ಅನ್ನುವ ಅನುಮಾನ ಹೀಗೆ ಹೋಗುತ್ತದೆ. ಅಕ್ಕಪಕ್ಕದ ಎಲೆ, ಬಳ್ಳಿ ತಾಗದ ಹಾಗೆ ನೋಡಿಕೊಳ್ಳಿ. ನಾನು ಒಮ್ಮೆ ಒಂದೇ ಒಂದು ಬಳ್ಳಿ ಬಿಟ್ಟಿದ್ದೆ, ಇರುವೆಗಳು ಅದರ ಮೇಲೆ ಸಾಲಾಗಿ ದಾಟಿ ಬಂದು ಹತ್ತು ದಿನದ ಲೆಕ್ಕ ಹಾಳಾಯಿತು.

ಎಲೆಯನ್ನು ಕೀಳದೆ, ಪಾರದರ್ಶಕ ಗ್ರಾಫ್ ಹಾಳೆ ಮೇಲಿಟ್ಟು ಎಷ್ಟು ಚೌಕ ತಿಂದುಹೋಗಿದೆ ಅಂತ ಎಣಿಸಿ. ಹಗಲು ಮಾತ್ರ ಅಲ್ಲ, ರಾತ್ರಿಯೂ ಹೋಗಿ.

ಯಾವ ಇರುವೆ ಅನ್ನುವುದು ಬಹಳ ಮುಖ್ಯ. ನಾಲ್ಕಾರು ಇರುವೆಗಳನ್ನು ಆಲ್ಕೋಹಾಲಿನಲ್ಲಿ ಹಾಕಿಟ್ಟು ಗುರುತಿಸಿ. ಈ ಮರದಲ್ಲಿ ನಡೆದ ಪ್ರಯೋಗಗಳಲ್ಲಿ ಟೆಕ್ನೋಮಿರ್ಮೆಕ್ಸ್ ಆಲ್ಬಿಪೆಸ್ ಇರುವೆ ಚಿಗುರನ್ನು ಕಾಪಾಡಿತು, ಬೇರೆ ಎಷ್ಟೋ ಇರುವೆಗಳು ಸುಮ್ನೆ ವಾಸ ಮಾಡಿಕೊಂಡಿದ್ದವು. ಹಾಗಂತ ಅವುಗಳನ್ನು ದಂಡಪಿಂಡ ಅಂತ ಬರೆದುಬಿಡಬೇಡಿ. ಟೊಳ್ಳಿನೊಳಗೆ ಇರುವೆ ಮಾತ್ರ ಅಲ್ಲ, ಎರೆಹುಳು ಕೂಡ ಸಿಗುತ್ತದೆ, ನೆಲದಿಂದ ಅಷ್ಟು ಮೇಲೆ! ಕಾವಲು ಕಾಯದ ಇರುವೆ, ಎರೆಹುಳು ಇವುಗಳಿಂದಲೂ ಮರಕ್ಕೆ ಸಾರಜನಕ ಸಿಗುತ್ತದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಅವರ ತಂಡ 2014ರಲ್ಲಿ ತೋರಿಸಿದೆ. ಆದ್ದರಿಂದ ಎಲೆ ಎಷ್ಟು ಉಳಿಯಿತು ಅಂತ ಮಾತ್ರ ನೋಡಬೇಡಿ, ಕಾಯಿ ಎಷ್ಟು ಕಟ್ಟಿತು ಅಂತಲೂ ಎಣಿಸಿ.

ಕೊನೆಯ ದಿನ ಟೇಪ್, ಅಂಟು ಎಲ್ಲ ಬಿಚ್ಚಿಕೊಂಡು ಬನ್ನಿ. ಬಿಟ್ಟು ಬಂದರೆ ಪಾಪದ ಹುಳುಗಳು ಅಂಟಿಕೊಂಡು ಸಾಯುತ್ತವೆ.