ಬಿಸಿಯೂ ಕಾಂತಕ್ಷೇತ್ರವೂ ಕೂಡಿದಲ್ಲಿ ಕ್ವಾರ್ಕುಗಳ ಬಂಧವನ್ನು ಅಂದಾಜು ಮಾಡುವ ಬಗೆ

ಸೀಸದ ಎರಡು ನ್ಯೂಕ್ಲಿಯಸ್‌ಗಳು ಬೆಳಕಿನ ವೇಗದ ಸಮೀಪದಲ್ಲಿ ಓಡುತ್ತಾ ಒಂದಕ್ಕೊಂದು ಓರೆಯಾಗಿ ತಗುಲಿದಾಗ, ತಾಗಿದ ಭಾಗದಲ್ಲಿ ಪ್ರೋಟಾನಿನಂಥ ಕಣಗಳ ಒಳಗಿನ ಕ್ವಾರ್ಕ್ ಮತ್ತು ಅವನ್ನು ಬಂಧಿಸುವ ಗ್ಲುವಾನ್‌ಗಳ ಬಿಸಿ ಮುದ್ದೆಯೊಂದು ಹುಟ್ಟುತ್ತದೆ. ತಾಗದೆ ಉಳಿದ ಪ್ರೋಟಾನ್‌ಗಳು ಅದರ ಪಕ್ಕದಲ್ಲೇ ಧಾವಿಸುವುದರಿಂದ ಆ ಮುದ್ದೆಯನ್ನು ಕ್ಷಣಮಾತ್ರ ಅಗಾಧ ಕಾಂತಕ್ಷೇತ್ರವೂ ಆವರಿಸುತ್ತದೆ. ಇವೆರಡೂ ಸೇರಿ ಕ್ವಾರ್ಕುಗಳ ನಡುವಿನ ಬಂಧವನ್ನು ಬಿಗಿಗೊಳಿಸುತ್ತವೆಯೋ ಸಡಿಲಿಸುತ್ತವೆಯೋ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕುವ ಕ್ರಮವನ್ನು, ಭೌತವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದೆ.

ಮೊದಲು ಎಲ್ಲವನ್ನೂ ಶಕ್ತಿಯ ಏಕಮಾನಕ್ಕೆ ತನ್ನಿ. ಉಷ್ಣತೆಯ ವಿಷಯದಲ್ಲಿ 1 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಎಂದರೆ ಸುಮಾರು 1,160 ಕೋಟಿ ಕೆಲ್ವಿನ್. ಕಾಂತಕ್ಷೇತ್ರವನ್ನು ಟೆಸ್ಲಾದಲ್ಲಿ ಬರೆಯುವ ಬದಲು ಪ್ರೋಟಾನಿನ ಆವೇಶದಿಂದ ಗುಣಿಸಿ ಜಿಇವಿಯ (1,000 ಎಂಇವಿ) ವರ್ಗದಲ್ಲಿ ಬರೆಯಿರಿ. ಒಂದು ಚದರ ಜಿಇವಿಗೆ ಸುಮಾರು 1.7 × 10¹⁶ ಟೆಸ್ಲಾ. ಬ್ರೂಕ್‌ಹೇವನ್‌ನ ರಿಕ್ (RHIC) ಎಂಬ ನ್ಯೂಕ್ಲಿಯಸ್ ಘರ್ಷಕ ಯಂತ್ರದಲ್ಲಿ ಕ್ಷೇತ್ರದ ಗರಿಷ್ಠ ಮಟ್ಟ ಪಯಾನ್ ಎಂಬ ಹಗುರ ಕಣದ ದ್ರವ್ಯರಾಶಿಯ ವರ್ಗದಷ್ಟು, ಅಂದರೆ ಸುಮಾರು 0.02 ಚದರ ಜಿಇವಿ, ಮತ್ತು ಸರ್ನ್‌ನ ಎಲ್‌ಎಚ್‌ಸಿಯಲ್ಲಿ ಅದರ 15 ಪಟ್ಟು ಎಂಬುದು 2009ರ ಒಂದು ಅಂದಾಜು.

ಎರಡನೆಯದಾಗಿ, ಕ್ಷೇತ್ರವು ಬಿಸಿಯೆದುರು ತಲೆಯೆತ್ತಿ ನಿಲ್ಲಬಲ್ಲದೇ ಎಂದು ನೋಡಿ. ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಚಲಿಸುವ ಕ್ವಾರ್ಕಿನ ಶಕ್ತಿ ಲ್ಯಾಂಡೌ ಮಟ್ಟಗಳಾಗಿ ಒಡೆಯುತ್ತದೆ. ಹಗುರ ಕ್ವಾರ್ಕುಗಳಿಗೆ ತಳಮಟ್ಟದಿಂದ ಮೊದಲ ಮಟ್ಟಕ್ಕಿರುವ ಅಂತರವು, ಆವೇಶ ಮತ್ತು ಕ್ಷೇತ್ರಗಳ ಗುಣಲಬ್ಧದ ಎರಡರಷ್ಟನ್ನು ವರ್ಗಮೂಲಕ್ಕಿಳಿಸಿದಾಗ ಸಿಗುತ್ತದೆ. ಇಲ್ಲಿ ಅಪ್ ಕ್ವಾರ್ಕಿಗೆ ಪ್ರೋಟಾನಿನ ಆವೇಶದ ಮೂರನೇ ಎರಡು, ಡೌನ್ ಕ್ವಾರ್ಕಿಗೆ ಮೂರನೇ ಒಂದು ಆವೇಶವನ್ನು ಮರೆಯದೆ ಸೇರಿಸಬೇಕು. (ಈ ಭಿನ್ನರಾಶಿ ಬಿಟ್ಟುಹೋದ ಲೆಕ್ಕಗಳನ್ನು ಎಷ್ಟೋ ಸಲ ತಿದ್ದಿದ್ದೇನೆ; ಅವುಗಳಲ್ಲಿ ನನ್ನವೂ ಇದ್ದವು.) ಎಲ್‌ಎಚ್‌ಸಿಯ 0.3 ಚದರ ಜಿಇವಿಗೆ ಅಪ್ ಕ್ವಾರ್ಕಿನ ಅಂತರ ಸುಮಾರು 630 ಎಂಇವಿ, ಡೌನ್ ಕ್ವಾರ್ಕಿನದು 450. ಉಷ್ಣತೆ 150 ಎಂಇವಿ ಇದ್ದರೆ ಬಿಸಿಯು ಅಪ್ ಕ್ವಾರ್ಕನ್ನು ಮೇಲಿನ ಮಟ್ಟಕ್ಕೆ ಏರಿಸುವುದು ಅಪರೂಪ. ರಿಕ್‌ನ ಕ್ಷೇತ್ರದಲ್ಲಾದರೋ ಅಂತರಗಳು 160 ಮತ್ತು 115 ಎಂಇವಿ ಮಾತ್ರ. ಅಲ್ಲಿ ಮಟ್ಟಗಳು ಬಿಸಿಯಲ್ಲಿ ಕಲಸಿಹೋಗುತ್ತವೆ.

ಇನ್ನು ಒಂದೊಂದರ ಪರಿಣಾಮವನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಿ. ಬಿಸಿ ಏರಿದಂತೆ ಕ್ವಾರ್ಕುಗಳ ನಡುವಿನ ಸೆಳೆತಕ್ಕೆ ಮುಸುಕು ಬೀಳುತ್ತದೆ, ಅವುಗಳಿಗೆ ತೂಕ ಕೊಡುವ ಕೈರಲ್ ಕಂಡೆನ್ಸೇಟ್ (ಶೂನ್ಯವನ್ನು ತುಂಬಿರುವ ಕ್ವಾರ್ಕು, ಪ್ರತಿಕ್ವಾರ್ಕು ಜೋಡಿಗಳ ಸಮೂಹ) ಕರಗುತ್ತದೆ; ಈ ಬದಲಾವಣೆ ಸುಮಾರು 156 ಎಂಇವಿಯ ಆಸುಪಾಸಿನಲ್ಲಿ, ನೀರು ಕುದಿಯುವಂತೆ ಥಟ್ಟನೆ ಅಲ್ಲ, ಬೆಣ್ಣೆ ಕರಗುವಂತೆ ಮೆಲ್ಲಗೆ ನಡೆಯುತ್ತದೆ. ಕಾಂತಕ್ಷೇತ್ರ ಮಾತ್ರ ಇದ್ದು ಬಿಸಿ ಇಲ್ಲದಿದ್ದರೆ ಫಲ ತದ್ವಿರುದ್ಧ: ತಳಮಟ್ಟದ ಕ್ವಾರ್ಕು ಕ್ಷೇತ್ರದ ಗುಂಟ ಮಾತ್ರ ಓಡಬಲ್ಲದು, ಒಂದೇ ಓಣಿಯಲ್ಲಿ ಸಿಕ್ಕಿದ ಕ್ವಾರ್ಕು ಮತ್ತು ಪ್ರತಿಕ್ವಾರ್ಕುಗಳು ಜೋಡಿಯಾಗುವುದು ಸುಲಭ, ಆದ್ದರಿಂದ ಕಂಡೆನ್ಸೇಟ್ ಹೆಚ್ಚುತ್ತದೆ. 1990ರ ದಶಕದಲ್ಲಿ ಇದಕ್ಕೆ ಮ್ಯಾಗ್ನೆಟಿಕ್ ಕೆಟಾಲಿಸಿಸ್ (ಕಾಂತೀಯ ವೇಗವರ್ಧನೆ) ಎಂಬ ಹೆಸರು ಬಂತು.

ಎರಡನ್ನೂ ಕೂಡಿಸುವಾಗ ಎಚ್ಚರ ಬೇಕು. ಕ್ಷೇತ್ರವು ಕಂಡೆನ್ಸೇಟನ್ನು ಬಲಪಡಿಸುವುದಾದರೆ ಅದನ್ನು ಕರಗಿಸಲು ಹೆಚ್ಚು ಬಿಸಿ ಬೇಕಾದೀತು ಎಂದು ಯಾರಿಗಾದರೂ ತೋರುತ್ತದೆ. ನಂಬು–ಜೋನಾ-ಲಸೀನಿಯೊ ಮಾದರಿಯೂ (ಗ್ಲುವಾನ್‌ಗಳನ್ನು ಬಿಟ್ಟು ಕ್ವಾರ್ಕುಗಳ ನೇರ ಅಂತರಕ್ರಿಯೆಯನ್ನಷ್ಟೇ ಎಣಿಸುವ ಸರಳ ಮಾದರಿ) ಹಾಗೆಯೇ ಹೇಳುತ್ತದೆ. ಆದರೆ ಕ್ವಾರ್ಕುಗಳಿಗೆ ನಿಜವಾದ ದ್ರವ್ಯರಾಶಿಗಳನ್ನೇ ಕೊಟ್ಟು ಬಾಲಿ, ಎಂಡ್ರೋಡಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಜಾಲಕ ಗಣನೆಯಲ್ಲಿ (ದೇಶಕಾಲವನ್ನು ಚುಕ್ಕೆಗಳ ಜಾಲವಾಗಿಸಿ ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕದಲ್ಲಿ), ಕ್ಷೇತ್ರ ಹೆಚ್ಚಿದಂತೆ ಆ ಬದಲಾವಣೆಯ ಉಷ್ಣತೆ ಇಳಿಯಿತು. ಈ ವಿಲೋಮ ಫಲವನ್ನು ಅರಿಯಲು ಕ್ಷೇತ್ರವನ್ನು ಎರಡು ಕಡೆ ಪ್ರತ್ಯೇಕವಾಗಿ ಹಾಕಿ ನೋಡಬೇಕು: ಒಮ್ಮೆ ಅಳೆಯುವ ಕ್ವಾರ್ಕಿನ ಮೇಲೆ, ಇನ್ನೊಮ್ಮೆ ಶೂನ್ಯದಲ್ಲಿ ಹುಟ್ಟಿ ಅಳಿಯುವ ಕಡಲ ಕ್ವಾರ್ಕುಗಳ ಮೇಲೆ. ಮೊದಲನೆಯದು ಯಾವಾಗಲೂ ಕಂಡೆನ್ಸೇಟನ್ನು ಹೆಚ್ಚಿಸುತ್ತದೆ. ಎರಡನೆಯದು ಗ್ಲುವಾನ್‌ಗಳ ಮೂಲಕ ಕೆಲಸ ಮಾಡುತ್ತದೆ. ಗ್ಲುವಾನಿಗೆ ವಿದ್ಯುದಾವೇಶವಿಲ್ಲ, ಕಾಂತಕ್ಷೇತ್ರ ಅದನ್ನು ನೇರವಾಗಿ ಮುಟ್ಟುವುದಿಲ್ಲ, ಆದರೂ ಕಡಲ ಕ್ವಾರ್ಕುಗಳು ಕಂಡೆನ್ಸೇಟಿಗೆ ಪ್ರತಿಕೂಲವಾದ ಗ್ಲುವಾನ್ ವಿನ್ಯಾಸಗಳ ಕಡೆಗೆ ತಕ್ಕಡಿಯನ್ನು ವಾಲಿಸುತ್ತವೆ. 156 ಎಂಇವಿಯ ಸಮೀಪದಲ್ಲಿ ಗೆಲ್ಲುವುದು ಈ ಎರಡನೆಯದೇ. ಆದಕಾರಣ ಮಾದರಿಯನ್ನು ಬಳಸುವವರು ಅಂತರಕ್ರಿಯೆಯ ಬಲವನ್ನು ಸ್ಥಿರಾಂಕವಾಗಿ ಇಟ್ಟುಕೊಳ್ಳಬಾರದು. ಬಿಸಿ ಮತ್ತು ಕ್ಷೇತ್ರ ಹೆಚ್ಚಿದಂತೆ ಅದು ಕುಗ್ಗುವಂತೆ ಜಾಲಕದ ಫಲಿತಾಂಶಕ್ಕೆ ಹೊಂದಿಸಬೇಕು. ಈ ಕುಗ್ಗುವಿಕೆಯನ್ನು ಹೊರಗಿನಿಂದ ತುಂಬಬೇಕಾಗಿರುವುದು ಮಾದರಿಯ ಬಡತನವೆಂದೇ ನನ್ನ ಎಣಿಕೆ.

ಭಾರದ ಕ್ವಾರ್ಕುಗಳ ವಿಷಯವಾದರೆ ದಿಕ್ಕನ್ನೂ ಕೇಳಿ. ಅವನ್ನು ಬಿಗಿದಿರುವ ತಂತುವಿನ ಸೆಳೆತ ಕ್ಷೇತ್ರಕ್ಕೆ ಅಡ್ಡಲಾಗಿ ಹೆಚ್ಚುತ್ತದೆ, ಕ್ಷೇತ್ರದ ಗುಂಟ ಕಡಿಮೆಯಾಗುತ್ತದೆ.

ಸ್ವಂತ ಜಾಲಕ ಗಣನೆಗೆ ಇಳಿಯುವವರು ಆ ಜಾಲ ಹರಡಿರುವ ಪೆಟ್ಟಿಗೆಯ ಅಳತೆಯನ್ನು ಮೊದಲೇ ಪರೀಕ್ಷಿಸಬೇಕು. ಅಂಚುಗಳು ಸುತ್ತಿಕೊಂಡು ಕೂಡುವ ಪೆಟ್ಟಿಗೆಯಲ್ಲಿ ಕ್ಷೇತ್ರವು ಮನಬಂದಷ್ಟು ಇರಲಾರದು; ಡೌನ್ ಕ್ವಾರ್ಕಿನ ಸಣ್ಣ ಆವೇಶದಿಂದಾಗಿ ಅದು 6 ಪೈಯನ್ನು ಅಡ್ಡ ಮುಖದ ವಿಸ್ತೀರ್ಣದಿಂದ ಭಾಗಿಸಿದ ಮೆಟ್ಟಿಲುಗಳಲ್ಲೇ ಏರುತ್ತದೆ. ಬದಿ 4.8 ಫೆಮ್ಟೊಮೀಟರ್ ಇದ್ದರೆ ಮೊದಲ ಮೆಟ್ಟಿಲೇ 0.032 ಚದರ ಜಿಇವಿ; ರಿಕ್‌ನ ಕ್ಷೇತ್ರ ಅದರೊಳಗೆ ಹಿಡಿಸುವುದಿಲ್ಲ, ಅದಕ್ಕೆ ಬದಿಯನ್ನು 6 ಫೆಮ್ಟೊಮೀಟರಿಗಿಂತ ತುಸು ಹೆಚ್ಚಿಸಬೇಕಾಗುತ್ತದೆ.